ಗಡಿಗೆಯ ಅಂಬಲಿ, ಬಾಟಲಿಯ ಹುರುಪು

ನಮ್ಮ ತಂಗಡಗಿ ಕೃಷ್ಣೆಯ ದಂಡೆಯ ಊರು. ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದು. ಬಸವಣ್ಣನವರ ಮಡದಿ ನೀಲಮ್ಮನವರು ಕಲ್ಯಾಣದಿಂದ ಹೊರಟು ಬಂದು ಇಲ್ಲಿಯೇ ಐಕ್ಯರಾದರೆಂದು ನಮ್ಮ ಜನ ನಂಬುತ್ತಾರೆ. ಹಡಪದ ಅಪ್ಪಣ್ಣನವರ ಹೆಸರಿನ ಮಠವೂ ಇಲ್ಲಿದೆ. ಹೀಗಾಗಿ ದೂರದೂರದಿಂದ ನಡೆದು ಬರುವವರಿಗೆ, ದಣಿದು ಬರುವವರಿಗೆ ಈ ಊರು ಹೊಸದಲ್ಲ. ದಣಿದು ಬಂದವರ ಕೈಗೆ ಮೊದಲು ಒಂದು ತಂಬಿಗೆ ನೀರು, ಆಮೇಲೆ ಒಂದು ತುಣುಕು ಬೆಲ್ಲ. ಇದು ನಮ್ಮ ಕಡೆಯ ರೀತಿ.

ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಒಂದು ಮಾತು ಆಗಾಗ ಕಾಡುತ್ತದೆ. ನಾವು ಮಕ್ಕಳಿಗೆ ರಾಜರು ಕಟ್ಟಿಸಿದ ಕೋಟೆಗಳ ಲೆಕ್ಕ ಹೇಳುತ್ತೇವೆ. ಆ ಕೋಟೆಗೆ ಕಲ್ಲು ಹೊತ್ತವರು ಏನು ಕುಡಿದು ಹೊತ್ತರು ಎಂದು ಹೇಳುವುದಿಲ್ಲ. ನೀರಡಿಕೆ ಮತ್ತು ದಣಿವಿಗೂ ಒಂದು ಚರಿತ್ರೆ ಇದೆ. ಅದನ್ನು ಹೆಚ್ಚಾಗಿ ಹೆಂಗಸರೇ ಹೊತ್ತು ತಂದಿದ್ದಾರೆ, ತಲೆಯ ಮೇಲಿನ ಗಡಿಗೆಯಲ್ಲಿ.

ಈಗ ಈ ಮಾತು ಎತ್ತಲು ಕಾರಣವಿದೆ. ಬಸ್ ನಿಲ್ದಾಣದ ಪಾನ್ ಅಂಗಡಿಯಲ್ಲಿ, ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿ, ಜಾತ್ರೆಯ ಡೇರೆಯಲ್ಲಿ ಕಣ್ಣು ಕುಕ್ಕುವ ಬಣ್ಣದ ಬಾಟಲಿಗಳನ್ನು ನೀವೂ ನೋಡಿರುತ್ತೀರಿ. ಎನರ್ಜಿ ಡ್ರಿಂಕ್ ಎಂದು ಅದರ ಹೆಸರು. ಒಂದು ಕಾಲಕ್ಕೆ ದೊಡ್ಡ ಊರುಗಳ ಶ್ರೀಮಂತ ಹುಡುಗರು ನೂರು ರೂಪಾಯಿಯ ಆಸುಪಾಸು ಕೊಟ್ಟು ಡಬ್ಬಿಯಲ್ಲಿ ಕೊಳ್ಳುತ್ತಿದ್ದ ಪಾನೀಯ, ಈಗ 20 ರೂಪಾಯಿಯ ಪ್ಲಾಸ್ಟಿಕ್ ಬಾಟಲಿಯಾಗಿ ಹಳ್ಳಿಯವರೆಗೂ ಬಂದಿದೆ. ಕಬ್ಬು ಕಡಿಯುವವರು, ಟ್ರ್ಯಾಕ್ಟರ್ ಹೊಡೆಯುವವರು ಅದನ್ನು ಕುಡಿಯುತ್ತಾರೆ. ಪರೀಕ್ಷೆ ಬಂತೆಂದರೆ ನಮ್ಮ ಮಕ್ಕಳೂ ಕುಡಿಯುತ್ತಾರೆ.

ಒಂದು ವರ್ಷ ಪರೀಕ್ಷೆಯ ದಿನಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆಯುತ್ತ ಬರೆಯುತ್ತ ಪೆನ್ನು ಕೆಳಗಿಟ್ಟಳು. ಕೈ ನಡುಗುತ್ತಿತ್ತು. “ಅಕ್ಕೋರ, ಎದಿ ಭಾಳ ಹೊಡಕೊಳ್ಳಾಕತ್ತೈತ್ರಿ” ಎಂದಳು. ಹೊರಗೆ ಕರೆದುಕೊಂಡು ಹೋಗಿ ನೀರು ಕುಡಿಸಿ ಕೂರಿಸಿದೆ. “ಮುಂಜಾನೆ ಏನ ತಿಂದಿ?” ಎಂದು ಕೇಳಿದೆ. “ಏನೂ ಇಲ್ರಿ. ರಾತ್ರಿ ನಿದ್ದಿ ಬರಬಾರ್ದಂತ ಒಂದ ಬಾಟ್ಲಿ ಕುಡದಿದ್ದೆ. ಮುಂಜಾನೆ ಇನ್ನೊಂದ ಕುಡದೀನ್ರಿ” ಎಂದಳು. ಆಮೇಲೆ ದವಾಖಾನೆಯಲ್ಲಿ ರಕ್ತ ನೋಡಿದಾಗ ಹಿಮೋಗ್ಲೋಬಿನ್ 8ರ ಹತ್ತಿರ ಇತ್ತು. ಆ ವಯಸ್ಸಿನ ಹುಡುಗಿಗೆ 12 ಇರಬೇಕು. ಅವಳ ದಣಿವು ಪರೀಕ್ಷೆಯದಲ್ಲ, ರಕ್ತಹೀನತೆಯದು. ಎಷ್ಟೋ ತಿಂಗಳಿಂದ ಅವಳ ದೇಹ ಹೇಳುತ್ತಿದ್ದ ಮಾತನ್ನು ಆ ಬಾಟಲಿ ಕೇಳದಂತೆ ಮಾಡಿತ್ತು.

ಹಾಗಾದರೆ ನಮ್ಮ ಹಿರಿಯರು ದಣಿವಿಗೆ ಏನು ಕುಡಿಯುತ್ತಿದ್ದರು? ಅರಮನೆಯವರ ಸಂಗತಿ ಪುಸ್ತಕದಲ್ಲಿಯೇ ಸಿಗುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಊಟದ ಭಾಗವಿದ್ದಂತೆ ಕುಡಿಯುವ ನೀರಿನ ಭಾಗವೂ ಇದೆ, ಪಾನಕಗಳ ಮಾತೂ ಇದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದಾಗ ಪಾನಕಗಳಿಗೆಂದೇ ಒಂದು ಅಧ್ಯಾಯ ಕೊಟ್ಟ. ಹಣ್ಣು, ಸಕ್ಕರೆ, ಏಲಕ್ಕಿ, ಕರ್ಪೂರ ಇವು ಅರಮನೆಯ ತಂಪು. ದಾರಿಹೋಕರಿಗೆ ಅರವಟ್ಟಿಗೆ ಇತ್ತು. ಅರವಟ್ಟಿಗೆ ನಡೆಸಲೆಂದು ಭೂಮಿ ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿಯೇ ಬರುತ್ತದೆ. ಇಂದಿಗೂ ಬೇಸಿಗೆಯಲ್ಲಿ ನಮ್ಮ ಊರುಗಳ ಕೂಡುರಸ್ತೆಗಳಲ್ಲಿ ಚಪ್ಪರ ಹಾಕಿ, ಮಣ್ಣಿನ ಗಡಿಗೆ ಇಟ್ಟು ನೀರು ಕೊಡುವವರಿದ್ದಾರೆ.

ಹೊಲದಲ್ಲಿ ದುಡಿಯುವವರ ಪಾನೀಯ ಮಾತ್ರ ಅಂಬಲಿ. ನಮ್ಮ ಆಯಿ, ಅಂದರೆ ನಮ್ಮ ತಂದೆಯ ತಾಯಿ, ಅಂಬಲಿ ಮಾಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಸಂಜೆಯೇ ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಮುಚ್ಚಿಡುವಳು. ಬೆಳಗಾಗುವಷ್ಟರಲ್ಲಿ ಅದು ಹದವಾಗಿ ಹುಳಿತಿರುತ್ತಿತ್ತು. ಕುದಿಯುವ ನೀರಿಗೆ ಉಪ್ಪು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಈ ಹಿಟ್ಟನ್ನು ಬಿಟ್ಟು, ಗಂಟಾಗದಂತೆ ತಿರುವಿ ಇಳಿಸುವಳು. ಆರಿದ ಮೇಲೆ ಇನ್ನಷ್ಟು ಮಜ್ಜಿಗೆ ಬೆರೆಸಿ ತೆಳ್ಳಗೆ ಮಾಡಿದರೆ ಅಂಬಲಿ ಸಿದ್ಧ. ರೊಟ್ಟಿ ಬುತ್ತಿಯ ಜೊತೆಗೆ ಅಂಬಲಿಯ ಗಡಿಗೆ ಹೊಲಕ್ಕೆ ಹೋಗುತ್ತಿತ್ತು. ಕಲಬುರ್ಗಿ, ಬೀದರದ ಕಡೆ ಎಳ್ಳಮಾವಾಸ್ಯೆಯ ದಿನ ಅಂಬಲಿಯ ಗಡಿಗೆ ಹೊಲಕ್ಕೆ ಹೋಗದಿದ್ದರೆ ಹಬ್ಬವೇ ಅಲ್ಲ.

ಅಂಬಲಿಯಲ್ಲಿ ಏನಿತ್ತು? ನೀರಿತ್ತು, ಬೆವರಿನಲ್ಲಿ ಹೋದ ಉಪ್ಪಿಗೆ ಬದಲು ಉಪ್ಪಿತ್ತು, ಮೆಲ್ಲಗೆ ಜೀರ್ಣವಾಗಿ ಹೊತ್ತು ಮುಳುಗುವವರೆಗೆ ಬರುವ ಜೋಳದ ಹಿಟ್ಟಿತ್ತು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವಿರುತ್ತದೆ. ಹಿಟ್ಟು ಹುಳಿತಾಗ ಧಾನ್ಯದಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸುಲಭವಾಗಿ ದಕ್ಕುತ್ತದೆಂದು ಆಹಾರ ವಿಜ್ಞಾನಿಗಳು ಹೇಳುತ್ತಾರೆ. ಆಯಿಗೆ ಈ ವಿಜ್ಞಾನ ಗೊತ್ತಿರಲಿಲ್ಲ. “ಅಂಬಲಿ ಕುಡದ್ರ ಕಾಲಾಗ ಬಲ ಇರ್ತದ” ಎನ್ನುತ್ತಿದ್ದಳು, ಅಷ್ಟೇ.

ಹೀಗೆಂದು ಹಿಂದಿನದೆಲ್ಲ ಚಂದವಿತ್ತು ಎಂದು ನಾನು ಹೇಳಲಾರೆ. ಅಂಬಲಿ ಬಡತನದ ಪಾನೀಯವೂ ಆಗಿತ್ತು. ಆಗ ಕಲಾದಗಿ ಜಿಲ್ಲೆ ಎನಿಸಿದ್ದ ನಮ್ಮ ಸೀಮೆಯಲ್ಲಿ 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಬಿದ್ದ ಬರದಲ್ಲಿ ಆ ಹಿಟ್ಟೂ ಇಲ್ಲದೆ ಜನ ಸತ್ತರು, ಊರು ಬಿಟ್ಟರು. ಅದಿರಲಿ, ಒಳ್ಳೆಯ ವರ್ಷಗಳಲ್ಲೂ ಗಡಿಗೆ ಹೊತ್ತು ಹೊಲಕ್ಕೆ ಹೋದವಳು ಗಂಡಸರಿಗೆ, ಮಕ್ಕಳಿಗೆ ಬಡಿಸಿ, ತಳದಲ್ಲಿ ಉಳಿದದ್ದನ್ನು ಕುಡಿಯುತ್ತಿದ್ದಳು. ಉಳಿಯದಿದ್ದರೆ ನೀರು ಕುಡಿದು ಕಳೆ ಕೀಳಲು ಕೂರುತ್ತಿದ್ದಳು. ದಣಿವನ್ನು ಹೇಳಿಕೊಳ್ಳದಿರುವುದು ಹೆಣ್ಣಿನ ದೊಡ್ಡ ಗುಣವೆಂದು ಎಣಿಸಿದ ಕಾಲವದು. ಆ ಎಣಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಆ ಬರದ ತರುವಾಯ 1880ರ ದಶಕದಲ್ಲಿ ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿಗೆ ರೈಲು ಬಂತು. ರೈಲಿನ ಕಾಲದಲ್ಲಿಯೇ ನಮ್ಮ ನಾಡಿಗೆ ಇನ್ನೊಂದು ಪಾನೀಯವೂ ಹರಡಿತು. ಅದು ಚಹಾ. ಚಹಾ ನಮ್ಮ ಅಜ್ಜ-ಮುತ್ತಜ್ಜರ ಪಾನೀಯವೆಂದು ಎಷ್ಟೋ ಜನ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಹಿಂದುಸ್ತಾನದ ಜನಕ್ಕೆ ಅದನ್ನು ಕಲಿಸಿ ಕುಡಿಸಿದರು. 1903ರಲ್ಲಿ ಚಹಾದ ಮೇಲೆ ಒಂದು ಸೆಸ್ ಹಾಕಿ, ಆ ಹಣದಿಂದ ಪ್ರಚಾರ ನಡೆಸುವ ಕಾನೂನು ಬಂತು. 1930ರ ದಶಕದಲ್ಲಿ ಜಗತ್ತಿನ ವ್ಯಾಪಾರವೇ ಕುಸಿದು, 1933ರಲ್ಲಿ ಚಹಾದ ರಫ್ತಿಗೆ ಮಿತಿ ಬಿದ್ದಾಗ, ಬೆಳೆದ ಚಹಾವನ್ನು ಇಲ್ಲಿಯೇ ಮಾರಬೇಕಾಯಿತು. ರೈಲು ನಿಲ್ದಾಣಗಳಲ್ಲಿ ತಗಡಿನ ಜಾಹೀರಾತು ಹಾಕಿದರು. ಸಂತೆ, ಜಾತ್ರೆ, ಗಿರಣಿಗಳಲ್ಲಿ ಚಹಾ ಮಾಡಿ ತೋರಿಸಿ ಪುಕ್ಕಟೆ ಹಂಚಿದರು. ಚಹಾ ಹುರುಪು ಕೊಡುತ್ತದೆ, ಕೆಲಸ ಮಾಡಿಸುತ್ತದೆ ಎಂಬುದೇ ಆ ಪ್ರಚಾರದ ತಿರುಳು. ಗಾಂಧೀಜಿ 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆಯತೊಡಗಿದ ಪುಸ್ತಕದಲ್ಲಿ ಚಹಾ, ಕಾಫಿ, ಕೋಕೋ ದೇಹಕ್ಕೆ ಬೇಕಿಲ್ಲ ಎಂದರು. ಯಾರು ಕೇಳಿದರು? ಇಂದು ನಮ್ಮಲ್ಲಿ ಎಷ್ಟೋ ತಾಯಂದಿರ ಮುಂಜಾನೆಯ ನಾಷ್ಟಾ ಎಂದರೆ ಎರಡು ಕಪ್ಪು ಚಹಾ.

ಎನರ್ಜಿ ಡ್ರಿಂಕಿನ ಕಥೆಯೂ ಹೆಚ್ಚು ಕಡಿಮೆ ಇದೇ ದಾರಿಯದು. 1962ರಲ್ಲಿ ಜಪಾನಿನ ಔಷಧ ಕಂಪನಿಯೊಂದು ‘ಲಿಪೊವಿಟಾನ್ ಡಿ’ ಎಂಬ ಪುಟ್ಟ ಬಾಟಲಿಯ ಟಾನಿಕ್ಕನ್ನು ಮಾರಾಟಕ್ಕೆ ತಂದಿತು. 1970ರ ದಶಕದಲ್ಲಿ ಥಾಯ್ಲೆಂಡಿನಲ್ಲಿ ‘ಕ್ರಾಟಿಂಗ್ ಡೇಂಗ್’ ಬಂತು. ಅದನ್ನು ಕುಡಿದವರು ಲಾರಿ ಚಾಲಕರು, ಕೂಲಿಕಾರರು, ನಿದ್ದೆಗೆಟ್ಟು ದುಡಿಯಬೇಕಾದವರು. ಅದನ್ನು ಅಲ್ಲಿ ಕಂಡ ಆಸ್ಟ್ರಿಯಾದ ವ್ಯಾಪಾರಿಯೊಬ್ಬರು ಥಾಯ್ ಮಾಲೀಕರ ಜೊತೆ ಸೇರಿ, ರುಚಿ ಬದಲಿಸಿ, ಗ್ಯಾಸು ತುಂಬಿ, 1987ರಲ್ಲಿ ‘ರೆಡ್ ಬುಲ್’ ಎಂಬ ಹೆಸರಿನಲ್ಲಿ ಯುರೋಪಿನ ಮಾರುಕಟ್ಟೆಗೆ ಬಿಟ್ಟರು. ಕೂಲಿಕಾರನ ಬಾಟಲಿ ಶ್ರೀಮಂತ ಹುಡುಗರ ಡಬ್ಬಿಯಾಯಿತು. ಈಗ ಅದೇ ಜಾತಿಯ ಪಾನೀಯ ಮತ್ತೆ ಅಗ್ಗದ ಬಾಟಲಿಯಾಗಿ ನಮ್ಮ ಕೂಲಿಕಾರರ ಕೈಗೆ ಬಂದಿದೆ. ನಮ್ಮ ಕಾಲೇಜಿನ ದಿನಗಳಲ್ಲಿ ಗೋಲಿ ಸೋಡಾ, ಗೋಲ್ಡ್ ಸ್ಪಾಟ್, ಥಮ್ಸ್ ಅಪ್ ಇದ್ದವು. 1977ರಲ್ಲಿ ದೇಶ ಬಿಟ್ಟಿದ್ದ ಕೋಕಾ ಕೋಲಾ 1993ರಲ್ಲಿ ತಿರುಗಿ ಬಂತು. ಅವೆಲ್ಲ ಬಾಯಿ ಚಪಲದ ಪಾನೀಯಗಳು. ಶಕ್ತಿ ಕೊಡುತ್ತೇನೆಂದು ಹೆಸರಿನಲ್ಲಿಯೇ ಹೇಳಿಕೊಂಡು ಬಂದದ್ದು ಮಾತ್ರ ಈ ಹೊಸ ಬಾಟಲಿ.

ಆ ಶಕ್ತಿ ಎಂಥದು? ಬಾಟಲಿಯಲ್ಲಿ ಮುಖ್ಯವಾಗಿ ಇರುವುದು ಎರಡು: ಸಕ್ಕರೆ ಮತ್ತು ಕೆಫೀನ್. ಕೆಫೀನನ್ನು ಕಾಫಿ ಬೀಜದಿಂದ ಮೊದಲು ಬೇರ್ಪಡಿಸಿದವನು ಜರ್ಮನಿಯ ರಸಾಯನ ವಿಜ್ಞಾನಿ ರುಂಗೆ, 1819ರಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಮಕ್ಕಳಿಗೆ ಬಸ್ಸಿನ ಉದಾಹರಣೆಯಿಂದ ಹೇಳುತ್ತೇನೆ. ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ಪದಾರ್ಥ ಕೂಡುತ್ತ ಹೋಗುತ್ತದೆ. ಅದು ತನ್ನ ಸೀಟಿನಲ್ಲಿ ಕುಳಿತಾಗ ನಮಗೆ ದಣಿವಾಗುತ್ತದೆ, ನಿದ್ದೆ ಬರುತ್ತದೆ. ಕೆಫೀನ್ ಓಡಿ ಬಂದು ಕಿಟಕಿಯಿಂದಲೇ ಆ ಸೀಟಿನ ಮೇಲೆ ಟವೆಲ್ ಹಾಕಿಬಿಡುತ್ತದೆ. ಅಡೆನೊಸಿನ್ ಕೂರಲು ಜಾಗವಿಲ್ಲದೆ ನಿಂತೇ ಇರುತ್ತದೆ. ದಣಿವು ಹೋಗಿರುವುದಿಲ್ಲ, ನಮಗೆ ತಿಳಿಯದಂತಾಗಿರುತ್ತದೆ ಅಷ್ಟೇ. ಕೆಫೀನ್ ಇಳಿದು ಹೋದಾಗ ನಿಂತವರೆಲ್ಲ ಒಮ್ಮೆಲೇ ಕೂರುತ್ತಾರೆ.

ಕೆಫೀನ್ ಬೇಗ ಇಳಿಯುವುದೂ ಇಲ್ಲ. ದೊಡ್ಡವರಲ್ಲಿ ಕುಡಿದದ್ದರ ಅರ್ಧ ಭಾಗ ಹೋಗಲು ಸುಮಾರು 5 ಗಂಟೆ ಬೇಕು. ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು ಹೊತ್ತು. ಸಂಜೆ ಆರಕ್ಕೆ ಕುಡಿದವರ ಮೈಯಲ್ಲಿ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ದೆಯಲ್ಲಿ. ನಿದ್ದೆ ಕೊಟ್ಟು ಓದು ಕೊಂಡ ಮಗು ಎರಡನ್ನೂ ಕಳೆದುಕೊಳ್ಳುತ್ತದೆ.

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲಿ ಮಾಡಿದ ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಅಂದರೆ 250 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಹೆಚ್ಚೆಂದರೆ 75 ಮಿಲಿಗ್ರಾಂ. ಮಕ್ಕಳಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ದಾಟಬಾರದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿತು. 25 ಕಿಲೋ ತೂಗುವ ಮಗುವಿಗೆ ಅದು 75. ಒಂದೇ ಬಾಟಲಿಗೆ ದಿನದ ಮಿತಿ ಮುಗಿಯಿತು. ಮನೆಯಲ್ಲಿ ಕುಡಿಯುವ ಚಹಾ ಬೇರೆ ಇದೆ. ಅದರ ಒಂದು ಕಪ್ಪಿನಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಸಕ್ಕರೆಯದು ಇನ್ನೊಂದು ಲೆಕ್ಕ. ರೆಡ್ ಬುಲ್ಲಿನ 250 ಮಿಲಿಲೀಟರ್ ಡಬ್ಬಿಯಲ್ಲಿ 27 ಗ್ರಾಂ, ಅಂದರೆ ಆರೇಳು ಚಮಚ ಸಕ್ಕರೆ. ದಿನವಿಡೀ ಸೇರಿ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಅಂಥ ಬಾಟಲಿಯ ಮೇಲೆ ಎಚ್ಚರಿಕೆಯ ಮಾತೂ ಇರಬೇಕೆಂದು ನಿಯಮ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಕೆಫೀನ್ ಒಗ್ಗದವರಿಗೆ ಇದು ತಕ್ಕುದಲ್ಲ; ದಿನಕ್ಕೆ 500 ಮಿಲಿಲೀಟರ್ ಮೀರಬಾರದು. ಇಷ್ಟನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಅಚ್ಚು ಹಾಕಿದರೆ ಕಾನೂನಿಗೆ ಸಾಕು. ಮೊಮ್ಮಗನಿಗೆ 20 ರೂಪಾಯಿ ಕೊಟ್ಟು ಕಳಿಸುವ ನಮ್ಮೂರಿನ ಅಜ್ಜಿಗೆ ಆ ಸಣ್ಣ ಅಕ್ಷರ ಏನು ಹೇಳಬೇಕು? ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲಿಯೇ ಮಕ್ಕಳ ಆಹಾರದಲ್ಲಿ ಇದಕ್ಕೆ ಜಾಗವಿಲ್ಲವೆಂದಿತು. ಲಿಥುವೇನಿಯಾ 2014ರಲ್ಲಿ, ಪೋಲೆಂಡ್ 2024ರಲ್ಲಿ 18 ತುಂಬದವರಿಗೆ ಇದನ್ನು ಮಾರುವುದನ್ನೇ ನಿಲ್ಲಿಸಿದವು. ನಮ್ಮಲ್ಲಿಯೂ 2020ರ ನಿಯಮವೊಂದು ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು-ಪಾನೀಯಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಹೇಳುತ್ತದೆ. ಮುಂದಿನ ಪಾಲಕರ ಸಭೆಯಲ್ಲಿ ಈ ಒಂದು ಮಾತನ್ನು ನೀವೇ ಎತ್ತಿ ಕೇಳಬಹುದು.

ಹೆಂಗಸರಾದ ನಾವು ಇದನ್ನು ಯಾಕೆ ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಬೇಕೆಂದರೆ, ದಣಿವು ನಮ್ಮ ಮನೆಯ ಒಳಗಿನ ಸಂಗತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಾದವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ನಿಂತರೆ ತಲೆ ಸುತ್ತು. ಅವಳು ಚಹಾ ಕುಡಿದು ಎದ್ದು ನಿಲ್ಲುತ್ತಾಳೆ, ಅವಳ ಮಗಳು ಬಾಟಲಿ ಕುಡಿದು ನಿಲ್ಲುತ್ತಾಳೆ. ಊಟದ ಜೊತೆಗೆ ಕುಡಿದ ಚಹಾ ಊಟದಲ್ಲಿನ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಅದಕ್ಕಾಗಿಯೇ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ತಮ್ಮ 2024ರ ಮಾರ್ಗಸೂಚಿಯಲ್ಲಿ ಊಟದ ಮುಂಚೆ ಒಂದು ಗಂಟೆ, ಆಮೇಲೆ ಒಂದು ಗಂಟೆ ಚಹಾ-ಕಾಫಿ ಬೇಡವೆಂದಿದ್ದಾರೆ. ದಿನಕ್ಕೆ ಒಟ್ಟು ಕೆಫೀನ್ 300 ಮಿಲಿಗ್ರಾಂ ದಾಟಬಾರದೆಂದೂ ಹೇಳಿದ್ದಾರೆ.

ಹಾಗಾದರೆ ಏನು ಕುಡಿಯಬೇಕು? ದೂರ ಹೋಗಬೇಕಾಗಿಲ್ಲ. ಬಿಸಿಲಿಗೆ ಉಪ್ಪು ಹಾಕಿದ ನೀರು ಮಜ್ಜಿಗೆಗಿಂತ ಒಳ್ಳೆಯದಿಲ್ಲ. ನಮ್ಮ ಜಿಲ್ಲೆಯ ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೇ ಸಿಕ್ಕಿದೆ. ಅದರ ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿ ಕೊಡಿ. ಊಟದ ಜೊತೆ ಲಿಂಬೆ ಹಿಂಡಿಕೊಂಡರೆ ಪಲ್ಯದ, ರೊಟ್ಟಿಯ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಓದುವ ಮಕ್ಕಳಿಗೆ ಮುಂಜಾನೆ ಜೋಳದ ಅಥವಾ ಸಜ್ಜೆಯ ಅಂಬಲಿ ಕೊಡಿ. ಕಬ್ಬಿಣದ ಅಂಶ ಸಜ್ಜೆಯಲ್ಲಿ ಜೋಳಕ್ಕಿಂತ ಹೆಚ್ಚು. ಯುಗಾದಿಗೆ ನಮ್ಮ ಕಡೆ ಕುಡಿಯುವ ಬೇವು ನಿಮಗೆ ಗೊತ್ತೇ ಇದೆ. ಪುಟಾಣಿ ಹಿಟ್ಟು, ಬೆಲ್ಲ, ಹುಣಸೆ, ಮಾವಿನಕಾಯಿ, ಬೇವಿನ ಹೂ, ಒಣಹಣ್ಣು ಎಲ್ಲ ಕೂಡಿದ ಅದು ವರ್ಷಕ್ಕೊಂದೇ ದಿನ ಯಾಕಿರಬೇಕು? ಆದರೆ ಬೆಲ್ಲವೂ ಸಕ್ಕರೆಯ ತಂಗಿಯೇ. ಪಾನಕ, ಕಬ್ಬಿನ ಹಾಲು ದಿನಾಲೂ ಬೇಡ. ಸಕ್ಕರೆ ಕಾಯಿಲೆ ಇದ್ದವರಿಗೆ ಮಜ್ಜಿಗೆ, ಅಳತೆಯ ಅಂಬಲಿ ಸಾಕು.

ವಾಂತಿ-ಭೇದಿಯಾದಾಗ ಮಾತ್ರ ಓಆರ್‌ಎಸ್ ಬೇಕೇ ಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಾಲನಬೀಸ್ ಉಪ್ಪು-ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ ಎಷ್ಟೋ ಜೀವ ಉಳಿಸಿದರು. ಒಂದು ಪೊಟ್ಟಣಕ್ಕೆ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎನರ್ಜಿ ಡ್ರಿಂಕು ಈ ಕೆಲಸ ಮಾಡಲಾರದು. ಅಷ್ಟು ಸಕ್ಕರೆ ಭೇದಿಯನ್ನು ಇನ್ನೂ ಹೆಚ್ಚಿಸೀತು. ಇನ್ನೂ ಒಂದು ಎಚ್ಚರ: ಹೆಸರಿನಲ್ಲಿ ಮಾತ್ರ ಓಆರ್‌ಎಸ್ ಎಂದು ಹೊತ್ತ ಸಿಹಿ ಪಾನೀಯಗಳೂ ಅಂಗಡಿಯಲ್ಲಿ ಬಂದಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ನಿಲ್ಲಿಸಿತು. ಒಬ್ಬ ಹೆಣ್ಣುಮಗಳು ಹಿಡಿದ ಹಟ ಬಿಡದಿದ್ದರೆ ಏನಾದೀತು ಎಂಬುದಕ್ಕೆ ಇದೊಂದು ಸಾಕ್ಷಿ.

ನಮ್ಮ ರಾಜ್ಯದ ಶಾಲೆಗಳಲ್ಲಿ 2002ರಲ್ಲಿ ಬಿಸಿಯೂಟ ಬಂತು, ಅಕ್ಷರ ದಾಸೋಹವೆಂದು ಅದಕ್ಕೆ ಹೆಸರಿಟ್ಟರು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2024ರಲ್ಲಿ ಹಾಲಿನ ಜೊತೆಗೆ ರಾಗಿ ಮಾಲ್ಟ್ ಬಂತು. ರಾಗಿ ಮಾಲ್ಟ್ ಎಂದರೆ ಏನು? ಹೆಸರು ಬದಲಿಸಿಕೊಂಡು ಲೋಟಕ್ಕೆ ಬಂದ ಅಂಬಲಿಯೇ ತಾನೆ! ಮಕ್ಕಳು ಸಾಲಾಗಿ ನಿಂತು ಅದನ್ನು ಕುಡಿಯುವಾಗ ನನಗೆ ಸಮಾಧಾನವೆನಿಸುತ್ತದೆ. ಇಲ್ಲಿ ಹೆಣ್ಣು-ಗಂಡು ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಅಳತೆ. ತಳದಲ್ಲಿ ಉಳಿದದ್ದು ಹುಡುಗಿಗೆ ಎಂಬ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ಆ ಒಂಬತ್ತನೆಯ ತರಗತಿಯ ಹುಡುಗಿ ಕಬ್ಬಿಣದ ಗುಳಿಗೆ ನುಂಗಿ, ಮುಂಜಾನೆ ಉಂಡು ಬರತೊಡಗಿದ ಮೇಲೆ ನಾಲ್ಕೈದು ತಿಂಗಳಲ್ಲಿ ಮುಖದ ಬಣ್ಣವೇ ಬದಲಾಯಿತು. ಅವಳ ತಾಯಿಯನ್ನೂ ರಕ್ತ ತೋರಿಸಿಕೊಳ್ಳಲು ಕಳಿಸಿದೆ. “ನನಗ್ಯಾಕ ಬೇಕ್ರಿ, ಅಕ್ಕೋರ, ನಾ ಛಲೋ ಅದೀನಿ” ಎಂದು ಆಕೆ ಮೊದಲು ಒಪ್ಪಲೇ ಇಲ್ಲ. ತೋರಿಸಿದಾಗ ಮಗಳಿಗಿಂತ ತಾಯಿಗೇ ರಕ್ತ ಕಡಿಮೆ ಇತ್ತು.

ಮನೆಗೆ ದಣಿದು ಬಂದವರನ್ನು “ಏನ ಕುಡೀತಿ?” ಎಂದು ಕೇಳುವುದು ನಮಗೆ ರೂಢಿ. ಅದು ಒಳ್ಳೆಯ ರೂಢಿಯೇ, ಬಿಡುವುದು ಬೇಡ. ಅದರ ಜೊತೆಗೆ “ಯಾಕ ದಣದಿ? ಯಾವಾಗ ಉಂಡಿ? ರಾತ್ರಿ ಎಷ್ಟ ಹೊತ್ತ ಮಲಗಿದ್ದಿ?” ಎಂದೂ ಕೇಳಬೇಕು. ಮಕ್ಕಳನ್ನು ಕೇಳಬೇಕು, ಸೊಸೆಯನ್ನು ಕೇಳಬೇಕು. ಯಾರೂ ಕೇಳದಿದ್ದರೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕು.